ಗುಳಿಗಿ, ಎಣ್ಣಿ, ಸೇಂದಿ: ಲಿವರಿನ ಲೆಕ್ಕ

ಈ ತಿಂಗಳು ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಬಂದ ಪ್ರಶ್ನೆಗಳು ಸುತ್ತಿ ಸುತ್ತಿ ಲಿವರಿಗೇ ಬಂದು ನಿಂತಿವೆ. ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವಕ್ಕಷ್ಟೇ ಉತ್ತರ ಕೊಡುತ್ತಿದ್ದೇವೆ.

ಪ್ರಶ್ನೆ: ನಮ್ಮ ತಂದಿಯವರಿಗೆ ಜ್ವರ ಬಂದಾಗ 650ರ ಜ್ವರದ ಗುಳಿಗಿ ದಿನಕ್ಕ ನಾಕು ಕೊಡ್ತೀವಿ. ಜೊತಿಗಿ ನೆಗಡಿ ಗುಳಿಗಿ ಮೂರು, ಸೊಂಟನೋವಿನ ಗುಳಿಗಿ ಎರಡು. ರಾತ್ರಿ ಒಂದಿಷ್ಟು ಕುಡಿಯೋ ಚಟಾನೂ ಅದ. ಪ್ಯಾರಾಸಿಟಮಾಲ್ ಏನೂ ಮಾಡಂಗಿಲ್ಲ ಅಂತಾರ, ಖರೇ ಏನ್ರಿ?
(ಆಳಂದದ ಓದುಗರು)

ಉತ್ತರ: ಮೊದಲು ಕೂಡಿಸಿ ನೋಡೋಣ. 650 ಮಿ.ಗ್ರಾಂ. ಗುಳಿಗೆ ನಾಲ್ಕು ಅಂದರೆ 2,600. ನೆಗಡಿ ಗುಳಿಗೆಯ ಪಟ್ಟಿ ತಿರುಗಿಸಿ ಸಣ್ಣಕ್ಷರ ಓದಿ, ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ 500 ಇರುತ್ತದೆ. ಮೂರಕ್ಕೆ 1,500. ಸೊಂಟನೋವಿಗೆ ಕೊಡುವ ಅಸಿಕ್ಲೋಫೆನಾಕ್ ಜೋಡಿ ಗುಳಿಗೆಯಲ್ಲಿ 325 ಇರುವುದು ಸಾಮಾನ್ಯ. ಎರಡಕ್ಕೆ 650. ಒಟ್ಟು 4,750 ಮಿ.ಗ್ರಾಂ. ಆರೋಗ್ಯವಂತ ದೊಡ್ಡವರಿಗೆ 24 ತಾಸಿನ ಗಡಿಯೇ 4,000. ದಿನಾ ಕುಡಿಯುವವರಿಗೆ 2,000 ದಾಟಿಸಬೇಡಿ ಎಂದು ವೈದ್ಯರು ಹೇಳುತ್ತಾರೆ. ನಿಮ್ಮ ತಂದೆಯವರು ಎರಡನೆಯ ಸಾಲಿನವರು. ಜ್ವರದ ಗುಳಿಗೆ ಕೊಡುವ ದಿನಗಳಲ್ಲಿ ಉಳಿದ ಎರಡನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ.

"ಏನೂ ಮಾಡಂಗಿಲ್ಲ" ಅನ್ನುವ ಮಾತು ಹುಟ್ಟಿದ್ದಕ್ಕೂ ಕಾರಣವಿದೆ. ಮಿತಿಯೊಳಗೆ ಇದ್ದಾಗ ಇದರಷ್ಟು ಸಾಧು ಔಷಧ ಕಡಿಮೆ. ಹೊಟ್ಟೆ ಸೇರಿದ ಪ್ಯಾರಾಸಿಟಮಾಲ್‌ನ ಬಹುಭಾಗಕ್ಕೆ ಲಿವರ್ ಗ್ಲೂಕ್ಯುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಉಳಿದ, ನೂರಕ್ಕೆ 5ರಿಂದ 10 ಪಾಲು ಮಾತ್ರ ಇನ್ನೊಂದು ಬಾಗಿಲಿಗೆ ಹೋಗುತ್ತದೆ. ಅಲ್ಲಿರುವುದು ಸೈಟೋಕ್ರೋಮ್ ಪಿ-450 ಕುಟುಂಬದ 2ಇ1 ಎಂಬ ಕಿಣ್ವ. ಅದರ ಕೈಗೆ ಸಿಕ್ಕ ಪ್ಯಾರಾಸಿಟಮಾಲ್ ಎನ್ಎಪಿಕ್ಯೂಐ ಎಂಬ ಕಡುಚುರುಕಿನ ವಸ್ತುವಾಗುತ್ತದೆ, ಎದುರು ಸಿಕ್ಕ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ನುಂಗಿದ್ದು ಔಷಧ, ವಿಷ ಮಾಡಿದ್ದು ಲಿವರೇ. ಅದನ್ನು ಹಿಡಿದು ಕಟ್ಟಿಹಾಕಲು ಅಲ್ಲೇ ಗ್ಲುಟಾಥಯೋನ್ ಕಾದಿರುತ್ತದೆ. ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೋ ಆಮ್ಲ ಪೋಣಿಸಿದ ಚಿಕ್ಕ ಸರ ಅದು. ಕೆಲಸ ಮಾಡುವುದು ಸಿಸ್ಟೀನಿನ ಗಂಧಕದ ತುದಿ.

ಡೋಸು ಏರಿದಾಗ ಸಲ್ಫೇಟಿನ ಬಾಗಿಲು ಮೊದಲು ತುಂಬಿಹೋಗುತ್ತದೆ, ಹೆಚ್ಚು ಔಷಧ 2ಇ1 ಕಡೆ ತಿರುಗುತ್ತದೆ. ಗ್ಲುಟಾಥಯೋನ್ ಖರ್ಚಾಗುತ್ತಾ ನೂರಕ್ಕೆ ಸುಮಾರು 30 ಪಾಲಿಗಿಂತ ಕೆಳಗಿಳಿದ ಮೇಲೆ ಎನ್ಎಪಿಕ್ಯೂಐ ನೇರವಾಗಿ ಲಿವರಿನ ಕೋಶಗಳಿಗೆ ಹತ್ತುತ್ತದೆ. ದಿನನಿತ್ಯ ಕುಡಿಯುವವರಲ್ಲಿ 2ಇ1 ಹೆಚ್ಚಿರುತ್ತದೆ, ಗ್ಲುಟಾಥಯೋನ್ ಕಡಿಮೆ ಇರುತ್ತದೆ. ಜ್ವರದಲ್ಲಿ ಎರಡು ದಿನ ಊಟ ಬಿಟ್ಟರೆ ಇರುವುದೂ ಇಳಿಯುತ್ತದೆ.

ಮೋಸ ಇರುವುದು ವೇಳೆಯಲ್ಲಿ. ಅತಿಯಾಗಿ ನುಂಗಿದವರು ಮೊದಲ ದಿನ ಓಡಾಡಿಕೊಂಡೇ ಇರುತ್ತಾರೆ. ಹೆಚ್ಚೆಂದರೆ ವಾಕರಿಕೆ. ಲಿವರಿನ ಹಾನಿ ಶಿಖರ ಮುಟ್ಟುವುದು ಮೂರು–ನಾಲ್ಕನೇ ದಿನ. ಒಂದೇ ಸಲಕ್ಕೆ ಮೈತೂಕದ ಕಿಲೋಗೆ 150 ಮಿ.ಗ್ರಾಂ. ದಾಟಿದ್ದರೆ, ಅಂದರೆ 60 ಕಿಲೋ ಮನುಷ್ಯನಿಗೆ 9 ಗ್ರಾಂ., "ಆರಾಮ ಇದ್ದಾನ" ಎಂದು ಮನೆಯಲ್ಲಿ ಕೂಡುವ ಹಾಗಿಲ್ಲ. ಮದ್ದು ಇದೆ: ಎನ್-ಅಸಿಟೈಲ್ ಸಿಸ್ಟೀನ್. ಅದು ಸಿಸ್ಟೀನ್ ಒದಗಿಸುತ್ತದೆ, ಲಿವರ್ ಗ್ಲುಟಾಥಯೋನ್ ಮತ್ತೆ ಕಟ್ಟಿಕೊಳ್ಳುತ್ತದೆ. ರಕ್ತನಾಳದಲ್ಲಿ ಕೊಡುವ ಹಳೆಯ ಪಾಠ ಹೀಗಿದೆ: ಕಿಲೋಗೆ 150 ಮಿ.ಗ್ರಾಂ. ಮೊದಲ ತಾಸಿನಲ್ಲಿ, 50 ಮುಂದಿನ 4 ತಾಸಿನಲ್ಲಿ, 100 ಅದರ ಮುಂದಿನ 16 ತಾಸಿನಲ್ಲಿ. ನುಂಗಿದ 8 ತಾಸಿನೊಳಗೆ ಶುರುವಾದರೆ ಲಿವರ್ ಉಳಿಯುವುದು ಬಹುತೇಕ ಖಾತ್ರಿ. ತಡವಾದಷ್ಟೂ ಆ ಖಾತ್ರಿ ಸವೆಯುತ್ತದೆ. ತಡವಾಗಿ ಬಂದವರಿಗೂ ಕೊಡುತ್ತಾರೆ. ದವಾಖಾನೆಗೆ ಹೋಗುವಾಗ ಖಾಲಿ ಪಟ್ಟಿಗಳನ್ನೂ ನುಂಗಿದ ವೇಳೆಯನ್ನೂ ಒಯ್ಯಿರಿ. ರಕ್ತದ ಮಟ್ಟ ಅಳೆಯುವುದು ನುಂಗಿ 4 ತಾಸಾದ ಮೇಲೆ, ಅದಕ್ಕಿಂತ ಮುಂಚಿನ ಅಂಕಿಗೆ ಅರ್ಥವಿಲ್ಲ.

ಪ್ರಶ್ನೆ: ತೊಗರಿಗಿ ಕಾಯಿಕೊರಕ ಬಂದಾಗ ಕ್ಲೋರ್‌ಪೈರಿಫಾಸ್ ಹೊಡಿತೀವಿ. ಹೊಡೆಯೋ ಹೊತ್ತಿಗಿ ಏನೂ ಆಗಂಗಿಲ್ಲ, ರಾತ್ರಿ ಮನಿಗಿ ಬಂದ ಮ್ಯಾಲ ತಲಿ ತಿರಗತದ, ಜೊಲ್ಲು ಬರತದ. ಹೊಡೆಯೋ ಮುಂಚೆ ಒಂದು ಲೋಟ ಹಾಲು ಕುಡಿದ್ರ ಏರಂಗಿಲ್ಲ ಅಂತಾರ. ಎರಡನೇದು: ಹೋದ ವರ್ಷದ್ದು ಮ್ಯಾಲಾಥಿಯಾನ್ ತಗಡಿನ ಶೆಡ್ಡಿನಾಗ ಉಳದದ, ವಾಸನಿ ಕಡಿಮಿ ಆಗೇದ ಅಂತ ಡೋಸು ಹೆಚ್ಚಿಗಿ ಹಾಕಬಹುದಾ?
(ಜೇವರ್ಗಿ ತಾಲ್ಲೂಕಿನ ರೈತರು)

ಉತ್ತರ: ರಾತ್ರಿ ಏರುವುದಕ್ಕೆ ಕಾರಣ ಡಬ್ಬಿಯೊಳಗಿನ ವಸ್ತುವಿನಲ್ಲೇ ಇದೆ. ಕ್ಲೋರ್‌ಪೈರಿಫಾಸ್ ಅಣುವಿನಲ್ಲಿ ರಂಜಕಕ್ಕೆ ಗಂಧಕ ಅಂಟಿರುತ್ತದೆ. ಆ ರೂಪದಲ್ಲಿ ಅದು ನರಗಳಿಗೆ ಹೆಚ್ಚೇನೂ ಮಾಡದು. ಚರ್ಮದ ಮೂಲಕ ಒಳಗೆ ಹೋಗಿ ಲಿವರ್ ಮುಟ್ಟಿದಾಗ ಪಿ-450 ಕಿಣ್ವಗಳು ಆ ಗಂಧಕ ತೆಗೆದು ಆಮ್ಲಜನಕ ಕೂರಿಸುತ್ತವೆ. ಹಾಗೆ ಹುಟ್ಟಿದ "ಆಕ್ಸಾನ್" ರೂಪವೇ ನಿಜವಾದ ವಿಷ. ನರಗಳ ಸಂಧಿಯಲ್ಲಿ ಅಸಿಟೈಲ್‌ಕೋಲಿನನ್ನು ಕತ್ತರಿಸಿ ತೆಗೆಯುವ ಕೋಲಿನೆಸ್ಟರೇಸ್ ಕಿಣ್ವದ ಬಾಯಿಗೆ ಅದು ಬೀಗ ಹಾಕುತ್ತದೆ. ಹುಳದ ಮೈಯೊಳಗೂ ನಡೆಯುವುದು ಇದೇ. ಇದಕ್ಕೆ ಹೊತ್ತು ಹಿಡಿಯುತ್ತದೆ, ಜೊತೆಗೆ ಎಣ್ಣೆಗುಣದ ಅಣುವಾದ್ದರಿಂದ ಮೈಯ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಬಿಡುತ್ತದೆ. ಮೊನೊಕ್ರೋಟೊಫಾಸ್, ಡೈಕ್ಲೋರ್‌ವಾಸ್‌ಗಳು ಹುಟ್ಟಾ ಆಮ್ಲಜನಕದ ರೂಪದವು. ಅವು ಕಾಯುವುದಿಲ್ಲ, ಹೊಲದಲ್ಲೇ ಕೆಡವುತ್ತವೆ.

ಆಕ್ಸಾನನ್ನು ಒಡೆಯುವ ಕಿಣ್ವ ರಕ್ತದಲ್ಲಿದೆ, ಹೆಸರು ಪ್ಯಾರಾಕ್ಸೋನೇಸ್-1. ಅದರ ಪ್ರಮಾಣ ಮನುಷ್ಯರಿಂದ ಮನುಷ್ಯರಿಗೆ ಬಹಳ ವ್ಯತ್ಯಾಸ. ಒಂದೇ ಪಂಪು, ಒಂದೇ ಹೊಲ, ಒಬ್ಬರಿಗೆ ಏರಿ ಇನ್ನೊಬ್ಬರಿಗೆ ಏರದೆ ಇರುವುದಕ್ಕೆ ಇದೂ ಒಂದು ಕಾರಣ. ಹಸುಗೂಸುಗಳಲ್ಲಿ ಅದು ತೀರಾ ಕಡಿಮೆ. ಎಣ್ಣಿ (ಕೀಟನಾಶಕ) ಹೊಡೆದ ಅಂಗಿಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು.

ಹಾಲಿನ ಮಾತು ಬಿಟ್ಟುಬಿಡಿ. ವಿಷ ಬರುವುದು ಚರ್ಮದಿಂದ ಮತ್ತು ಉಸಿರಿನಿಂದ, ಹೊಟ್ಟೆಯಲ್ಲಿರುವ ಹಾಲು ಅದಕ್ಕೆ ಅಡ್ಡ ನಿಲ್ಲುವುದಿಲ್ಲ. ಬಾಯಿಂದಲೇ ಹೋಗಿದ್ದರೂ ಹಾಲಿನ ಕೊಬ್ಬು ಇಂಥ ಎಣ್ಣೆಗುಣದ ವಸ್ತುವಿಗೆ ದಾರಿ ಮಾಡಿಕೊಟ್ಟೀತು. ವಾಂತಿಯನ್ನೂ ಮಾಡಿಸಬೇಡಿ, ಇ.ಸಿ. (ನೀರಿಗೆ ಬೆರೆಸುವ ಗಟ್ಟಿ ದ್ರಾವಣ) ಡಬ್ಬಿಯಲ್ಲಿರುವ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಅದು ಬೇರೆಯೇ ಗಂಡಾಂತರ.

ನಿಜವಾಗಿ ತಪ್ಪಾಗುವುದು ಅಳೆದು ಹಾಕುವಾಗ. ಪಂಪಿನ ನೀರಿನಲ್ಲಿ ಲೀಟರಿಗೆ 2 ಮಿ.ಲೀ. ಬೆರೆಸಿದ ಮೇಲೆ ಔಷಧ 500 ಪಟ್ಟು ತೆಳುವಾಗಿರುತ್ತದೆ. ಡಬ್ಬಿಯೊಳಗಿನದು ಹಾಗಲ್ಲ. 20 ಇ.ಸಿ. ಎಂದರೆ 100 ಮಿ.ಲೀ.ಯಲ್ಲಿ ಸುಮಾರು 20 ಗ್ರಾಂ. ವಿಷ. ಮುಚ್ಚಳದಲ್ಲಿ ಅಳೆಯುವಾಗ ಕೈಮೇಲೆ ಚೆಲ್ಲಿದ 5 ಮಿ.ಲೀ.ಯಲ್ಲಿ 1 ಗ್ರಾಂ. ಇರುತ್ತದೆ. ಅಷ್ಟೇ ವಿಷ ಬೆರೆಸಿದ ನೀರಿನಿಂದ ಬರಬೇಕೆಂದರೆ ಎರಡೂವರೆ ಲೀಟರ್ ಮೈಮೇಲೆ ಸುರಿದುಕೊಳ್ಳಬೇಕು! ಆದ್ದರಿಂದ ಹೊಡೆಯುವಾಗ ಮುಖಕ್ಕೆ ಟವೆಲ್ ಕಟ್ಟಿಕೊಳ್ಳುವ ಮುತುವರ್ಜಿಗಿಂತ ಅಳೆಯುವಾಗ ನೈಟ್ರೈಲ್ ರಬ್ಬರಿನ ಕೈಚೀಲ (ಗ್ಲೌಸ್) ಹಾಕಿಕೊಳ್ಳುವುದು ಮುಖ್ಯ. ಬಟ್ಟೆಯ ಕೈಚೀಲ ಬೇಡ, ನೆನೆದರೆ ಅದು ಕೈಗೆ ಪಟ್ಟು ಕಟ್ಟಿದ ಹಾಗೆಯೇ. ಪಂಪು ಸೋರಿ ಬೆನ್ನು, ಸೊಂಟ, ತೊಡೆಸಂದು ಒದ್ದೆಯಾದರೆ ಕೆಲಸ ನಿಲ್ಲಿಸಿ ಅಲ್ಲೇ ಸಾಬೂನು ಹಚ್ಚಿ ತೊಳೆಯಿರಿ. ತೊಡೆಸಂದಿನ ಚರ್ಮ ಮುಂಗೈಗಿಂತ ಎಷ್ಟೋ ಪಟ್ಟು ಬೇಗ ಹೀರುತ್ತದೆ. ಉಗುರಿನ ಸಂದು, ಕೂದಲು ಮರೆಯಬೇಡಿ. ಸುಣ್ಣ, ಸೀಮೆಎಣ್ಣೆಗಳಲ್ಲಿ ಉಜ್ಜುವುದು ಬೇಡವೇ ಬೇಡ. ಎಣ್ಣಿ ಹೊಡೆದ ಬಟ್ಟೆ ಮನೆಯ ಬಟ್ಟೆಯ ಜೊತೆ ಒಗೆಯಬಾರದು.

ಕಣ್ಣಿನ ಗೊಂಬೆ ಸೂಜಿಮೊನೆಯಷ್ಟಾಗಿದ್ದರೆ, ಜೊಲ್ಲು–ಬೆವರು–ಕಣ್ಣೀರು ಒಟ್ಟಿಗೆ ಸುರಿಯುತ್ತಿದ್ದರೆ, ರೆಪ್ಪೆ ಅಥವಾ ತೋಳಿನ ಮಾಂಸ ತಾನಾಗಿ ಅದುರುತ್ತಿದ್ದರೆ ರಾತ್ರಿ ಕಳೆಯಲಿ ಎಂದು ಕಾಯಬಾರದು. ಡಬ್ಬಿ ಅಥವಾ ಅದರ ಚೀಟಿ ಒಯ್ಯಿರಿ. ಇದು ಬರೀ ಶಾಸ್ತ್ರಕ್ಕಲ್ಲ. ಅಟ್ರೋಪಿನ್ ಎಂಬ ಮದ್ದು ಇಂಥ ಯಾವ ರಂಜಕದ ಕೀಟನಾಶಕಕ್ಕೂ ನಡೆಯುತ್ತದೆ, ಆದರೆ ಬೀಗ ತೆಗೆಯುವ ಪ್ರಾಲಿಡಾಕ್ಸಿಮ್ ಕೆಲಸಕ್ಕೆ ಬರುವುದು ಬೀಗ "ಗಟ್ಟಿಯಾಗುವ" ಮುಂಚೆ ಮಾತ್ರ. ಮ್ಯಾಲಾಥಿಯಾನ್, ಮೊನೊಕ್ರೋಟೊಫಾಸ್‌ಗಳಂಥ ಡೈಮೀಥೈಲ್ ಜಾತಿಯಲ್ಲಿ ಅರ್ಧದಷ್ಟು ಕಿಣ್ವ ಸುಮಾರು 4 ತಾಸಿನಲ್ಲೇ ಗಟ್ಟಿಯಾಗುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಡೈಇಥೈಲ್ ಜಾತಿಯಲ್ಲಿ 30 ತಾಸಿನ ಮೇಲೂ ಅವಕಾಶವಿರುತ್ತದೆ.

ಹಂಗಾಮು ಪೂರ್ತಿ ಹೊಡೆಯುವವರು ಶುರುವಿಗೆ ಮುಂಚೆ ಒಮ್ಮೆ ಕೆಂಪುಕಣದ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಕಾಗದ ಜೋಪಾನ ಮಾಡಿಡಿ. ನಡುವೆ ಮಾಡಿಸಿದಾಗ ನಿಮ್ಮದೇ ಮೊದಲ ಅಂಕಿಯ ನೂರಕ್ಕೆ 70 ಪಾಲಿಗೆ ಇಳಿದಿದ್ದರೆ ಪಂಪು ಬೇರೆಯವರಿಗೆ ಕೊಡಬೇಕು. ಮೊದಲ ಅಂಕಿ ಇಲ್ಲದೆ ಲ್ಯಾಬಿನವರ "ನಾರ್ಮಲ್" ಪಟ್ಟಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ. ಆ ಪಟ್ಟಿ ಬಹಳ ಅಗಲ, ಅರ್ಧ ಇಳಿದಿದ್ದರೂ ನಾರ್ಮಲ್ ಎಂದೇ ಬಂದೀತು.

ಇನ್ನು ಶೆಡ್ಡಿನ ಮ್ಯಾಲಾಥಿಯಾನ್. ಬಳಸಬೇಡಿ, ಡೋಸು ಏರಿಸುವುದಂತೂ ದೂರ ಉಳಿಯಿತು. ಮ್ಯಾಲಾಥಿಯಾನ್ ಮನುಷ್ಯನಿಗೆ ಸೌಮ್ಯ ಅನ್ನಿಸಿಕೊಂಡಿರುವುದು ನಮ್ಮ ಲಿವರಿನ ಕಾರ್ಬಾಕ್ಸಿಲೆಸ್ಟರೇಸ್ ಅದನ್ನು ಆಕ್ಸಾನ್ ಆಗುವ ಮುಂಚೆಯೇ ಕತ್ತರಿಸುವುದರಿಂದ. ಬಿಸಿಲಲ್ಲಿ ಕೂತ ಡಬ್ಬಿಯಲ್ಲಿ ಅದರ ಒಂದಂಶ ಐಸೊಮ್ಯಾಲಾಥಿಯಾನ್ ಆಗಿ ತಿರುಗುತ್ತದೆ, ಅದು ಇದೇ ಕಾವಲು ಕಿಣ್ವವನ್ನು ಕೊಲ್ಲುತ್ತದೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣದಲ್ಲಿ ಇಂಥ ಕಲಬೆರಕೆಯ ಮ್ಯಾಲಾಥಿಯಾನ್ ಸಿಂಪಡಿಸಿದ 7,500 ಕೆಲಸಗಾರರಲ್ಲಿ ಸುಮಾರು 2,800 ಮಂದಿಗೆ ವಿಷ ಏರಿತು, ಐವರು ಸತ್ತರು. ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಎಷ್ಟಿರುತ್ತದೆ ಎಂಬುದು ನಿಮಗೇ ಗೊತ್ತು. ವಾಸನೆ ಕಡಿಮೆಯಾದರೆ ವಿಷ ಕಡಿಮೆಯಾಯಿತು ಎಂದಲ್ಲ, ಇಲ್ಲಿ ಉಲ್ಟಾ.

ಪ್ರಶ್ನೆ: ಹತ್ತಿ ಹೊಲದ ಕಳೆಗೆ ಪ್ಯಾರಾಕ್ವಾಟ್ ಹೊಡೆಯುತ್ತೇವೆ. ಅದನ್ನು ಕುಡಿದವರಿಗೆ ಆಕ್ಸಿಜನ್ ಹಚ್ಚಲು ವೈದ್ಯರು ಹಿಂದೆಮುಂದೆ ನೋಡುತ್ತಾರಂತೆ. ಉಸಿರು ಕಟ್ಟುವವರಿಗೆ ಆಕ್ಸಿಜನ್ ಕೊಡದೆ ಇರುವುದೇ?
(ಶಹಾಪುರದ ಓದುಗರು)

ಉತ್ತರ: ಅವರು ಸರಿಯಾಗಿಯೇ ಮಾಡುತ್ತಾರೆ. ಪ್ಯಾರಾಕ್ವಾಟ್ ತಾನು ಖರ್ಚಾಗುವ ವಿಷವಲ್ಲ. ಕೋಶದಲ್ಲಿ ಎಲೆಕ್ಟ್ರಾನ್ ಹೊರುವ ಎನ್ಎಡಿಪಿಎಚ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಆಮ್ಲಜನಕಕ್ಕೆ ದಾಟಿಸುತ್ತದೆ, ಮತ್ತೆ ಮೊದಲಿನ ರೂಪಕ್ಕೆ ಬಂದು ಇನ್ನೊಂದಕ್ಕೆ ಕೈಚಾಚುತ್ತದೆ. ಪ್ರತಿ ಸುತ್ತಿಗೂ ಸೂಪರ್ಆಕ್ಸೈಡ್ ಎಂಬ ಚುರುಕು ಆಮ್ಲಜನಕ ಒಂದು ಹುಟ್ಟುತ್ತದೆ. ಆಕ್ಸಿಡೇಟಿವ್ ಒತ್ತಡ ಎಂದು ಪತ್ರಿಕೆಗಳಲ್ಲಿ ಸಡಿಲವಾಗಿ ಬಳಸುವ ಮಾತಿಗೆ ಇದಕ್ಕಿಂತ ನೇರ ಉದಾಹರಣೆ ಸಿಗದು. ಶ್ವಾಸಕೋಶದ ಕೋಶಗಳು ಪಾಲಿಅಮೈನ್ ಎಂಬ ವಸ್ತುವನ್ನು ಒಳಗೆಳೆದುಕೊಳ್ಳುವ ದಾರಿಯಲ್ಲಿ ಇದನ್ನೂ ಎಳೆದುಕೊಳ್ಳುತ್ತವೆ, ಅಲ್ಲಿ ಆಮ್ಲಜನಕವೂ ಧಾರಾಳ. ಹೊರಗಿನಿಂದ ಇನ್ನಷ್ಟು ಕೊಟ್ಟರೆ ಉರಿಯುವ ಒಲೆಗೆ ಊದಿದ ಹಾಗೆ. ರಕ್ತದ ಆಮ್ಲಜನಕ ತೀರಾ ಇಳಿದಾಗ ಮಾತ್ರ ಹಚ್ಚುತ್ತಾರೆ. ಇದಕ್ಕೆ ಪ್ರತಿವಿಷ ಇಲ್ಲ, ಡಬ್ಬಿಯ ದ್ರಾವಣ 10–15 ಮಿ.ಲೀ. ಹೋದರೂ ಜೀವಕ್ಕೆ ಅಪಾಯ. ಅದನ್ನು ಪ್ಲಾಸ್ಟಿಕ್ ನೀರಿನ ಬಾಟಲಿಗೆ ಸುರಿದಿಡುವ ರೂಢಿ ಇರುವ ಮನೆಯವರು ಇವತ್ತೇ ಅದನ್ನು ಬಿಡಬೇಕು.

ಪ್ರಶ್ನೆ: ಟಿ.ಬಿ. ಗುಳಿಗೆ ಶುರು ಮಾಡಿದಾಗಿನಿಂದ ಮೂತ್ರ ಕಿತ್ತಳೆ ಬಣ್ಣ. ಕಾಮಣಿ ಆಗಿದೆಯೇನೋ ಎಂಬ ಭಯ. ನಾನು ಗರ್ಭನಿರೋಧಕ ಗುಳಿಗೆಯನ್ನೂ ತೆಗೆದುಕೊಳ್ಳುತ್ತೇನೆ, ಅಡ್ಡಿ ಇಲ್ಲವೇ?
(ಹುಮನಾಬಾದಿನ ಸಹೋದರಿ)

ಉತ್ತರ: ಬಣ್ಣ ರಿಫಾಂಪಿಸಿನ್‌ನದು, ಬೆವರು ಕಣ್ಣೀರಿಗೂ ಹತ್ತುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕಾಮಣಿ ನೋಡಬೇಕಾದದ್ದು ಕಣ್ಣಿನ ಬಿಳಿಭಾಗದಲ್ಲಿ, ಹಗಲು ಬೆಳಕಿನಲ್ಲಿ. ಅದಕ್ಕೂ ಮುಂಚಿನ ಸುಳಿವು ರೊಟ್ಟಿ ಕಂಡರೆ ವಾಕರಿಕೆ, ಎರಡು ಮೂರು ದಿನದಿಂದ ಊಟ ಸೇರದಿರುವುದು, ಬಲಪಕ್ಕೆಯ ಕೆಳಗೆ ಭಾರ. ಆಗ ಎಎಲ್‌ಟಿ (ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆ ಮಾಡಿಸಬೇಕು. ಲಕ್ಷಣಗಳಿದ್ದು ಮೇಲಿನ ಗಡಿಯ ಮೂರು ಪಟ್ಟು ಆಗಿದ್ದರೆ (ಗಡಿ 40 ಎಂದಿದ್ದರೆ 120), ಲಕ್ಷಣಗಳಿಲ್ಲದಿದ್ದರೂ ಐದು ಪಟ್ಟು ಆಗಿದ್ದರೆ ವೈದ್ಯರು ಔಷಧ ನಿಲ್ಲಿಸಿ ಮತ್ತೆ ಒಂದೊಂದಾಗಿ ಶುರು ಮಾಡುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ಗರ್ಭನಿರೋಧಕದ ವಿಷಯದಲ್ಲಿ ಮಾತ್ರ ಅಡ್ಡಿ ಇದೆ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ರಿಫಾಂಪಿಸಿನ್ ಲಿವರಿನಲ್ಲಿ ಪಿ-450ಯ 3ಎ4 ಕಿಣ್ವವನ್ನು ಹೆಚ್ಚು ಹೆಚ್ಚು ತಯಾರಿಸುವಂತೆ ಮಾಡುತ್ತದೆ. ಒಂದೆರಡು ವಾರದಲ್ಲಿ ಅದು ಪೂರ್ತಿ ಏರುತ್ತದೆ. ಗರ್ಭನಿರೋಧಕ ಗುಳಿಗೆಯ ಹಾರ್ಮೋನನ್ನು ಸವೆಸುವುದು ಇದೇ 3ಎ4. ನೀವು ದಿನಾ ತಪ್ಪದೆ ನುಂಗಿದರೂ ರಕ್ತದಲ್ಲಿ ಉಳಿಯುವುದು ಸಾಲದು. ಕಾಪರ್-ಟಿಗೆ ಈ ತೊಂದರೆ ಇಲ್ಲ, ಅದು ಹಾರ್ಮೋನಿನಿಂದ ಕೆಲಸ ಮಾಡುವುದಲ್ಲ. ಟಿ.ಬಿ. ಔಷಧ ಮುಗಿದ ಮೇಲೂ ಏರಿದ ಕಿಣ್ವ ಇಳಿಯಲು ಎರಡು ವಾರ ಬೇಕು, ಒಂದು ತಿಂಗಳು ಬೇರೆ ಉಪಾಯದಲ್ಲೇ ಇರುವುದು ಕ್ಷೇಮ. ಮನೆಯಲ್ಲಿ ಇನ್ನಾರಾದರೂ ರಿಫಾಂಪಿಸಿನ್ ಜೊತೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನೋ ರಕ್ತ ತೆಳುಮಾಡುವ ವಾರ್ಫರಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಅವರ ಡೋಸೂ ಏರುಪೇರಾಗುತ್ತದೆ, ವೈದ್ಯರಿಗೆ ಹೇಳಿ.

ಕೈಕಾಲು ಜುಮುಗುಟ್ಟಿದರೆ ಅದು ಐಸೊನಿಯಜಿಡ್‌ನದು. ಅದಕ್ಕೆ ಅಸಿಟೈಲ್ ಗುಂಪು ಅಂಟಿಸುವ ಎನ್ಎಟಿ-2 ಕಿಣ್ವ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನಿಧಾನ. ಅಂಥವರಲ್ಲಿ ಔಷಧ ಮೈಯಲ್ಲಿ ಹೆಚ್ಚು ಹೊತ್ತು ನಿಂತು ಬಿ-6 ವಿಟಮಿನ್ನನ್ನು ಕಟ್ಟಿಹಾಕುತ್ತದೆ. ಪಿರಿಡಾಕ್ಸಿನ್ 10 ಮಿ.ಗ್ರಾಂ. ಗುಳಿಗೆ ಕೊಡುವುದು ಅದಕ್ಕೇ. ಶಕ್ತಿ ಗುಳಿಗೆ ಎಂದುಕೊಂಡು ಬಿಡಬೇಡಿ.

ಪ್ರಶ್ನೆ: ಗಡಿ ಕಡೆ ಸಿ.ಎಚ್. ಪೌಡರ್ ಹಾಕಿದ ಸೇಂದಿ ಮಾರ್ತಾರ. ಒಂದ್ ಸೀಸೆಗೇ ಮಲಗಿಬಿಡ್ತಾರ. ಆ ಪೌಡರ್ ಏನ್ರಿ?
(ಗುರುಮಠಕಲ್)

ಉತ್ತರ: ಕ್ಲೋರಲ್ ಹೈಡ್ರೇಟ್. ಒಂದು ಕಾಲದ ನಿದ್ರೆಯ ಔಷಧ. ಒಳ್ಳೆಯ ಹೆಂಡದಲ್ಲಿ ಮದ್ಯದ ಅಂಶ ಶೇ. 5ರ ಆಸುಪಾಸು. ಗಿಡದ ಹೆಂಡ ಸಾಲದೆ ನೀರು, ಸ್ಯಾಕರಿನ್ ಬೆರೆಸಿದವರು ಅಮಲು ತುಂಬಲು ಇದನ್ನು ಹಾಕುತ್ತಾರೆ. ಲಿವರಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವ ಇದನ್ನು ಟ್ರೈಕ್ಲೋರೋಎಥನಾಲ್ ಮಾಡುತ್ತದೆ, ಮಲಗಿಸುವುದು ಅದು. ಜೋಡಿಯ ಕೆಡುಕು ಹೀಗೆ: ಮದ್ಯ ಸವೆಯುವಾಗ ಹುಟ್ಟುವ ಎನ್ಎಡಿಎಚ್ ಈ ಮಾರ್ಪಾಟನ್ನು ಜೋರು ಮಾಡುತ್ತದೆ, ಹುಟ್ಟಿದ ಟ್ರೈಕ್ಲೋರೋಎಥನಾಲ್ ಮದ್ಯ ಸವೆಯದಂತೆ ತಡೆಯುತ್ತದೆ. ಒಂದು ಇನ್ನೊಂದನ್ನು ಏರಿಸುತ್ತಾ ಹೋಗುತ್ತದೆ. ಉಸಿರು ನಿಧಾನವಾಗುವುದು, ಗುಂಡಿಗೆಯ ತಾಳ ತಪ್ಪುವುದು ಇದರ ಅಪಾಯ. ಅಮಲಿನಲ್ಲಿ ಮಲಗಿದವರನ್ನು ಅಂಗಾತ ಬಿಡದೆ ಪಕ್ಕಕ್ಕೆ ಹೊರಳಿಸಿ, ಕರೆದರೂ ಅಲುಗಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರುತ್ತವೆ. ಅಂಗಡಿ ಮುಚ್ಚಿಸಿದ ವಾರ ದವಾಖಾನೆ ತುಂಬುವುದು ಇದಕ್ಕೇ. ಬಿಡಿಸುವುದು ವೈದ್ಯರ ಕಣ್ಣೆದುರು ಆಗಲಿ.

ಪ್ರಶ್ನೆ: ಬೀಡಿ ಬಿಟ್ಟು ಹದಿನೈದು ದಿನವಾಯಿತು. ದಮ್ಮಿಗೆ ಥಿಯೋಫಿಲಿನ್ ಗುಳಿಗೆ ಮೊದಲಿನಷ್ಟೇ. ಈಗ ಎದೆ ಡವಡವ, ಕೈನಡುಕ.
(ಸೇಡಂ)

ಉತ್ತರ: ಬೀಡಿ ಬಿಟ್ಟದ್ದು ತಪ್ಪಲ್ಲ, ಡೋಸು ಬದಲಾಗದೆ ಉಳಿದದ್ದು ತಪ್ಪು. ಹೊಗೆಯ ಮಸಿಯಲ್ಲಿರುವ ಸಂಯುಕ್ತಗಳು (ನಿಕೋಟಿನ್ ಅಲ್ಲ) ಪಿ-450ಯ 1ಎ2 ಕಿಣ್ವವನ್ನು ಹೆಚ್ಚಿಸಿಟ್ಟಿದ್ದವು. ಬಿಟ್ಟ ವಾರದೊಳಗೆ ಅದು ಇಳಿಯಿತು, ಥಿಯೋಫಿಲಿನ್ ಮೈಯಲ್ಲಿ ಹೆಚ್ಚು ನಿಂತಿತು. ನಾಳೆಯೇ ವೈದ್ಯರಿಗೆ ತೋರಿಸಿ, ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಇಳಿಸುತ್ತಾರೆ. ಚಹಾದ ಕೆಫೀನ್ ಕೂಡ ಇದೇ ಕಿಣ್ವದ್ದು, ಅಲ್ಲಿಯವರೆಗೆ ಅದನ್ನೂ ಕಡಿಮೆ ಮಾಡಿ.

ಪ್ರಶ್ನೆ: ಲಿವರ್ ತೊಳೆಯುವ "ಡಿಟಾಕ್ಸ್" ಪುಡಿ, ಗ್ಲುಟಾಥಯೋನ್ ಗುಳಿಗೆ, ಅರಿಶಿನದ ಕ್ಯಾಪ್ಸೂಲ್ ಇವುಗಳಲ್ಲಿ ಯಾವುದು ಒಳ್ಳೆಯದು?
(ಬಸವಕಲ್ಯಾಣ)

ಉತ್ತರ: ತೊಳೆಯಲು ಲಿವರ್ ಏನು ಪೈಪಲ್ಲ. ಗ್ಲುಟಾಥಯೋನ್ ನುಂಗಿದರೆ ಕರುಳೇ ಅದರ ಬಹುಭಾಗವನ್ನು ಕತ್ತರಿಸಿ ಬಿಡಿ ಅಮೈನೋ ಆಮ್ಲ ಮಾಡುತ್ತದೆ. ಆ ಅಮೈನೋ ಆಮ್ಲಗಳು ಬ್ಯಾಳಿ, ಮೊಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ತೊಗರಿಯಲ್ಲಿ ಗಂಧಕದ ಅಮೈನೋ ಆಮ್ಲ ಕಡಿಮೆ, ಧಾನ್ಯದಲ್ಲಿ ಹೆಚ್ಚು, ಹೀಗಾಗಿ ಜೋಳದ ರೊಟ್ಟಿಯೂ ಬ್ಯಾಳಿಯೂ ಒಂದೇ ತಟ್ಟೆಯಲ್ಲಿರುವುದು ಬುದ್ಧಿವಂತ ಊಟ. ರೊಟ್ಟಿಯ ಜೊತೆ ಹಸಿ ಮೂಲಂಗಿ ಕಚ್ಚಿದಾಗ ಮೂಗಿಗೆ ಹತ್ತುವ ಖಾರ ಐಸೊಥಯೋಸಯನೇಟ್ ಎಂಬ ವಸ್ತುಗಳದ್ದು. ಕಚ್ಚಿದಾಗ ಮಾತ್ರ ಹುಟ್ಟುತ್ತದೆ, ಬೇಯಿಸಿದರೆ ಅದನ್ನು ಹುಟ್ಟಿಸುವ ಕಿಣ್ವ ಸಾಯುತ್ತದೆ. ಈ ಜಾತಿಯ ವಸ್ತುಗಳು ಕೋಶದ ಎನ್ಆರ್‌ಎಫ್-2 ಎಂಬ ಗುಂಡಿ ಒತ್ತಿ, ಗ್ಲುಟಾಥಯೋನ್ ಕಟ್ಟುವ ಕಿಣ್ವಗಳನ್ನು ಎಬ್ಬಿಸುತ್ತವೆ.

ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಶೇ. 3ರಷ್ಟು, ಕರುಳಿನಿಂದ ಒಳಗೆ ಹೋಗುವುದು ಅದರಲ್ಲೂ ಅತ್ಯಲ್ಪ. ಸಾರಿಗೆ ಹಾಕುವ ಚಿಟಿಕೆಯ ಬಗ್ಗೆ ಯಾರ ತಕರಾರೂ ಇಲ್ಲ. ಕ್ಯಾಪ್ಸೂಲಿನವರು ಮೆಣಸಿನ ಪೈಪರಿನ್ ಸೇರಿಸುತ್ತಾರೆ. 1998ರಲ್ಲಿ ಬೆಂಗಳೂರಿನ ಸಂಶೋಧಕರು 2 ಗ್ರಾಂ. ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ. ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವುದು ಶೇ. 2,000ದಷ್ಟು ಏರಿತು. ಏರಿದ್ದೇಕೆ? ಗ್ಲೂಕ್ಯುರೋನಿಕ್ ಆಮ್ಲ ಅಂಟಿಸಿ ಹೊರಹಾಕುವ ಬಾಗಿಲನ್ನೇ ಪೈಪರಿನ್ ಮುಚ್ಚುತ್ತದೆ. "ಡಿಟಾಕ್ಸ್" ಹೆಸರಿನಲ್ಲಿ ನಿಜವಾದ ಡಿಟಾಕ್ಸ್ ಕಿಣ್ವಕ್ಕೆ ತಡೆ! ಇಂಥ ಹೆಚ್ಚು ಹೀರುವ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆಂಟಿಆಕ್ಸಿಡೆಂಟ್ ಎಂದರೆ ಎಷ್ಟಾದರೂ ನುಂಗಬಹುದು ಎಂಬ ನಂಬಿಕೆಗೆ 1994ರಲ್ಲೇ ಪೆಟ್ಟು ಬಿದ್ದಿದೆ. ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಅಧ್ಯಯನದಲ್ಲಿ ದಿನಕ್ಕೆ 20 ಮಿ.ಗ್ರಾಂ. ಬೀಟಾ-ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಾಗಿ ಕಂಡಿತು. ಮೂರರಲ್ಲಿ ಯಾವುದು ಒಳ್ಳೆಯದು ಎಂದಿರಿ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ (ಜಿಎಸ್‌ಟಿ) ಅಳೆಯುತ್ತಿದ್ದೇನೆ. ಕಿಣ್ವ ಹಾಕದ ಬ್ಲ್ಯಾಂಕೇ ಓಡುತ್ತದೆ. ಪಿ-450 ನೋಡಲು ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲ. ಎಂಡಿಎ (ಕೊಬ್ಬು ಆಕ್ಸಿಡೀಕರಣವಾದಾಗ ಹುಟ್ಟುವ ವಸ್ತು) ಅಂಕಿಗಳು ದಿನಕ್ಕೊಂದು.
(ಕಲಬುರಗಿಯ ವಿದ್ಯಾರ್ಥಿನಿ)

ಉತ್ತರ: ಬ್ಲ್ಯಾಂಕ್ ಓಡುವುದಕ್ಕೆ ಮೂರು ಕಾರಣ, ಮೊದಲನೆಯದು ಪಿಎಚ್. ಸಿಡಿಎನ್‌ಬಿ (ಜಿಎಸ್‌ಟಿ ಅಳೆಯಲು ಹಾಕುವ ರಾಸಾಯನಿಕ) ಮತ್ತು ಗ್ಲುಟಾಥಯೋನ್ ಕಿಣ್ವವಿಲ್ಲದೆಯೂ ನಿಧಾನವಾಗಿ ಕೂಡುತ್ತವೆ. ಪಿಎಚ್ ಏರಿದಷ್ಟೂ ಗಂಧಕದ ತುದಿ ಪ್ರೋಟಾನ್ ಕಳೆದುಕೊಂಡು ಚುರುಕಾಗುತ್ತದೆ. ಈ ಪರೀಕ್ಷೆಗೆ ಪಿಎಚ್ 6.5 ಇಟ್ಟಿರುವುದು ಅದಕ್ಕೇ. 7.4ರ ಬಫರ್ ಬಾಟಲಿ ತಪ್ಪಿ ಕೈಗೆ ಬಂದಿದ್ದರೆ ಬ್ಲ್ಯಾಂಕ್ ಓಡದೆ ಇನ್ನೇನು? ಎರಡನೆಯದು ಉಷ್ಣತೆ. ಮೇ ತಿಂಗಳ ಮಧ್ಯಾಹ್ನ ಎ.ಸಿ. ಇಲ್ಲದ ಕೋಣೆಯಲ್ಲಿ ಕ್ಯುವೆಟ್ (ಬೆಳಕು ಹಾಯಿಸಿ ಓದುವ ಚಿಕ್ಕ ಪಾತ್ರೆ) 38–40 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಗೆ ನಿಲ್ಲಿಸುವ ಹೋಲ್ಡರ್ ಇಲ್ಲದಿದ್ದರೆ ಬೆಳಗ್ಗೆ ಏಳರಿಂದ ಹತ್ತರೊಳಗೆ ಓದಿ ಮುಗಿಸಿ, ಪ್ರತಿ ಸರಣಿಗೂ ಹೊಸ ಬ್ಲ್ಯಾಂಕ್ ತೆಗೆಯಿರಿ. ಮೂರನೆಯದು ಸಿಡಿಎನ್‌ಬಿ ಪೂರ್ತಿ ಕರಗದೆ ಮೋಡದಂತೆ ತೇಲುವುದು, ಅದು ಬೆಳಕು ಚದುರಿಸಿ ಅಂಕಿ ಕುಣಿಸುತ್ತದೆ.

1 ಮಿ.ಲೀ.ಗೆ ಅಳತೆ ಹೀಗೆ: 0.1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 880 ಮೈಕ್ರೋಲೀಟರ್, ಗ್ಲುಟಾಥಯೋನ್ 20 ಮಿಲಿಮೋಲಾರ್ ದ್ರಾವಣ 50, ಸಿಡಿಎನ್‌ಬಿ 20 ಮಿಲಿಮೋಲಾರ್ ಎಥನಾಲ್ ದ್ರಾವಣ 50, ಮಾದರಿ 20. ಗ್ಲುಟಾಥಯೋನ್ 10 ಮಿ.ಲೀ. ನೀರಿಗೆ 61.5 ಮಿ.ಗ್ರಾಂ., ಅಂದಂದೇ ಮಾಡಿ ಐಸಿನಲ್ಲಿಡಿ. ಸಿಡಿಎನ್‌ಬಿ 10 ಮಿ.ಲೀ. ಎಥನಾಲಿಗೆ 40.5 ಮಿ.ಗ್ರಾಂ. ಕೈಚೀಲ ಬಿಟ್ಟು ಮುಟ್ಟಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಕೂತರೆ ಜೀವನಪೂರ್ತಿ ಬಿಡದು. ಮಾದರಿಯನ್ನು ಕೊನೆಗೆ ಹಾಕಿ ಶುರು ಮಾಡಿ, 340 ನ್ಯಾನೋಮೀಟರಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ 3 ನಿಮಿಷ ಓದಿ. ಲೆಕ್ಕದ ಉದಾಹರಣೆ: ನಿಮಿಷಕ್ಕೆ 0.120 ಏರಿತು, ಬ್ಲ್ಯಾಂಕ್ 0.015, ಉಳಿದದ್ದು 0.105. ಅದನ್ನು 9.6ರಿಂದ (ಬೆಳಕು ಹೀರುವ ಸ್ಥಿರಾಂಕ) ಭಾಗಿಸಿದರೆ ಮಿ.ಲೀ.ಗೆ 0.0109 ಮೈಕ್ರೋಮೋಲ್, ಅಂದರೆ 10.9 ನ್ಯಾನೋಮೋಲ್. ಕ್ಯುವೆಟ್ಟಿನಲ್ಲಿ 0.02 ಮಿ.ಗ್ರಾಂ. ಪ್ರೋಟೀನ್ ಇದ್ದರೆ ಪ್ರತಿ ಮಿ.ಗ್ರಾಂ.ಗೆ ನಿಮಿಷಕ್ಕೆ ಸುಮಾರು 547. ಕ್ಯುವೆಟ್ 3 ಮಿ.ಲೀ.ಯದಾದರೆ 10.9ನ್ನು ಮೂರರಿಂದ ಗುಣಿಸುವುದನ್ನು ಮರೆತವರೇ ಹೆಚ್ಚು.

ಇಲಿಗೆ ಅನುಮತಿ ಸಿಗುವವರೆಗೆ ಮಟನ್ ಅಂಗಡಿಯ ಆಡಿನ ಖಲೀಜಾ (ಲಿವರ್) ಸಾಕು. ಕಡಿದ ಕೂಡಲೇ ಐಸಿಗೆ ಹಾಕಿಸಿಕೊಳ್ಳಿ. ಪಿತ್ತಕೋಶ ಒಡೆದ ತುಂಡು ತೆಗೆದುಕೊಳ್ಳಬೇಡಿ, ಪಿತ್ತಲವಣ ಪೊರೆಗಳನ್ನು ಕರಗಿಸಿ ಪಿ-450ಯನ್ನು ಕೆಡಿಸುತ್ತದೆ. ತಣ್ಣನೆಯ ಶೇ. 1.15 ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ, ರಕ್ತ ಉಳಿದರೆ ಅದರ ಕಬ್ಬಿಣವೇ ಎಂಡಿಎ ಹುಟ್ಟಿಸುತ್ತದೆ. 1 ಗ್ರಾಂ.ಗೆ 9 ಮಿ.ಲೀ. ಹಾಕಿ ಅರೆದು 10,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ. ಮೇಲಿನ ತಿಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಕೊನೆಗೆ 8 ಮಿಲಿಮೋಲಾರ್ ಆಗುವಂತೆ ಬೆರೆಸಿ, 27,000 ಜಿಯಲ್ಲಿ 15 ನಿಮಿಷ. ಕ್ಯಾಲ್ಸಿಯಂ ತಾಗಿದ ಮೈಕ್ರೋಸೋಮ್‌ಗಳು (ಪಿ-450 ಕೂತಿರುವ ಪೊರೆಯ ಚೂರುಗಳು) ಗುಂಪುಗಟ್ಟಿ ತಳಕ್ಕೆ ಬರುತ್ತವೆ, 1,05,000 ಜಿಯ ಯಂತ್ರ ಬೇಡ. ಅರೆಯುವ ದ್ರಾವಣದಲ್ಲಿ ಫಾಸ್ಫೇಟ್ ಇರಬಾರದು, ಕ್ಯಾಲ್ಸಿಯಂ ಫಾಸ್ಫೇಟ್ ಬಿಳಿಯಾಗಿ ಇಳಿದು ಎಲ್ಲ ಹಾಳು. ಜಿಎಸ್‌ಟಿ ಮೇಲಿನ ತಿಳಿಯಲ್ಲೇ ಉಳಿದಿರುತ್ತದೆ, ಚೆಲ್ಲಬೇಡಿ.

ಎಂಡಿಎ ದಿನಕ್ಕೊಂದು ಬರುವುದು ಕುದಿಸುವಾಗಲೇ ಹೊಸದಾಗಿ ಆಕ್ಸಿಡೀಕರಣ ನಡೆಯುವುದರಿಂದ. ಕುದಿಸುವ ಮುಂಚೆ ಆಕ್ಸಿಡೀಕರಣ ತಡೆಯುವ ಬಿಎಚ್‌ಟಿ ಸೇರಿಸಿ. ಅರೆದದ್ದು ಸುಕ್ರೋಸಿನಲ್ಲಾದರೆ ಅದೂ ಬಣ್ಣ ಕೊಟ್ಟು 532ರ ಅಂಕಿ ಕೆಡಿಸುತ್ತದೆ.

ಪಿ-450 ಓದುವಾಗ ಡೈಥಯೋನೈಟ್ ಚಿಟಿಕೆ ಹಾಕಿ, ಒಂದು ಕ್ಯುವೆಟ್ಟಿಗೆ ಮಾತ್ರ ಕಾರ್ಬನ್ ಮಾನಾಕ್ಸೈಡ್ ಹಾಯಿಸಿ, ಫ್ಯೂಮ್ ಹುಡ್ ಒಳಗೇ. ಶಿಖರ 450ರಲ್ಲಿ ನಿಂತರೆ ಕಿಣ್ವ ಜೀವಂತ, 420ಕ್ಕೆ ಸರಿದರೆ ಸತ್ತದ್ದು, ತಯಾರಿಯಲ್ಲಿ ಎಲ್ಲೋ ಬಿಸಿ ತಾಗಿದೆ ಅಥವಾ ಪಿತ್ತ ಸೇರಿದೆ. 450ರ ಅಂಕಿಯಿಂದ 490ರ ಅಂಕಿ ಕಳೆದು 91ರಿಂದ (ಇಲ್ಲಿನ ಸ್ಥಿರಾಂಕ) ಭಾಗಿಸಿ. ಡೈಥಯೋನೈಟ್ ಡಬ್ಬಿ ತೇವ ಕುಡಿದು ಗಟ್ಟಿಯಾಗಿದ್ದರೆ ಶಿಖರವೇ ಕಾಣುವುದಿಲ್ಲ, ಹೊಸ ಡಬ್ಬಿ ಒಡೆಯಿರಿ. ಮೇಲೆ ಶಹಾಪುರದವರು ಕೇಳಿದ ಪ್ಯಾರಾಕ್ವಾಟ್ ಮೂತ್ರದಲ್ಲಿದೆಯೇ ಎಂದು ದವಾಖಾನೆಯಲ್ಲಿ ನೋಡುವುದೂ ಇದೇ ಪುಡಿಯಿಂದ: ಸೋಡಾದ ಜೊತೆ ಹಾಕಿದಾಗ ನೀಲಿ ತಿರುಗಿದರೆ ಇದೆ. ಹಳೆಯ ಪುಡಿಯಲ್ಲಿ ಅಲ್ಲೂ ನೀಲಿ ಬರದು.